ಶನಿವಾರ ಬಿಟ್ಟು ಬಂದ ಶೂ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. "ನಮ್ಮ ಮಾವನ ಗೆಳೆಯನಿಗೆ ಆದದ್ದು" ಎಂದು ಶುರು ಮಾಡುತ್ತಾರೆ. ಆ ಗೆಳೆಯ ಎಲ್ಲಿದ್ದಾನೆ ಎಂದು ಕೇಳಿದರೆ ಮಾತು ಬದಲಿಸುತ್ತಾರೆ. ಇದು ಹಾಗಲ್ಲ, ನನ್ನ ಕಣ್ಣೆದುರೇ ನಡೆದದ್ದು. ನಾನು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಕ್ಯಾನ್ಯನ್ ಪಾರ್ಕ್ ಎಂಬಲ್ಲಿಯ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದಿಡುವುದೇ ನನ್ನ ಹೊಟ್ಟೆಪಾಡು. ಇದನ್ನೂ ಹಾಗೆಯೇ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಎದುರು ಮನೆಯ ಗಂಡ ಹೆಂಡತಿಯ ಹೆಸರು ಮಾತ್ರ ಬದಲಿಸಿದ್ದೇನೆ.

ನಾವಿರುವ ಲಿನ್‌ವುಡ್ ಊರಿಗೆ ಮೆಟ್ರೋದಂಥ ಲೈಟ್ ರೈಲು ಬರುವುದಕ್ಕಿಂತ ಎಷ್ಟೋ ಮುಂಚಿನ ಮಾತು. 2010ರ ದಶಕದ ನಡುವಿನ ಒಂದು ಡಿಸೆಂಬರ್. ನಮ್ಮ ಅಪಾರ್ಟ್‌ಮೆಂಟಿನ ಎದುರು ಬ್ಲಾಕಿನಲ್ಲಿ ಸವಿತಾ ಇದ್ದಳು. ಮಂಡ್ಯ ಕಡೆಯ ಹುಡುಗಿ, ಸಾಫ್ಟ್‌ವೇರ್ ಕೆಲಸ, ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದಳು. ನಾನು ಧಾರವಾಡದವಳು, ಬಾಯಿ ಸ್ವಲ್ಪ ಜೋರು. ಅವಳದು ಕೇಳಿಸದಷ್ಟು ಮೆಲ್ಲಗಿನ ಮಾತು. ಇಬ್ಬರಿಗೂ ಇದ್ದ ಒಂದೇ ಹುಚ್ಚು ಎಂದರೆ ಓಟ. ಬೇಸಿಗೆಯಲ್ಲಿ ಹಾಫ್ ಮ್ಯಾರಥಾನ್ ಓಡಬೇಕೆಂದು ಪ್ರತಿ ಶನಿವಾರ ಹೊರಡುತ್ತಿದ್ದೆವು.

ಓಡುವವರಿಗೆ ಈ ಊರಷ್ಟು ಒಳ್ಳೆಯ ಊರು ಇನ್ನೊಂದಿಲ್ಲ. ಒಂದು ವಾರ ಈಸ್ಟ್‌ಗೇಟ್ ಮೇಲಿನ ಗುಡ್ಡ ಹತ್ತುತ್ತಿದ್ದೆವು. ಮುಂದಿನ ವಾರ ಮೆಡೋಡೇಲ್ ಕಣಿವೆ. ಅದು ನನಗೆ ಜೀವ. ಮೇಲೆ ರಸ್ತೆ ಪಕ್ಕ ಕಾರು ನಿಲ್ಲಿಸಿ ದೇವದಾರು ಮರಗಳ ನಡುವೆ ಇಳಿಯುತ್ತಾ ಹೋದರೆ ಜೊತೆಗೊಂದು ತೊರೆ ಸೇರಿಕೊಳ್ಳುತ್ತದೆ. ಕೊನೆಗೆ ಗೂಡ್ಸ್ ರೈಲಿನ ಹಳಿ ಅಡ್ಡ ಬರುತ್ತದೆ. ಹಳಿಯ ಕೆಳಗೆ ತಗ್ಗಾದ ಒಂದು ಕಾಂಕ್ರೀಟ್ ಸುರಂಗವಿತ್ತು. ತೊರೆಯೂ ಅದರಲ್ಲೇ ಹರಿಯಬೇಕು, ಮನುಷ್ಯರೂ ಅದರಲ್ಲೇ ತಲೆ ತಗ್ಗಿಸಿ ನುಸುಳಬೇಕು. ಆಚೆ ಬಂದರೆ ಮರಳು, ನೆಲದೊಳಗೆ ಕೈಚಾಚಿದ ಸಮುದ್ರ, ಅದರಾಚೆ ಹಿಮದ ಬೆಟ್ಟಗಳ ಸಾಲು. ಅಲ್ಲಿ ಹತ್ತು ನಿಮಿಷ ಉಸಿರು ತೆಗೆದುಕೊಂಡು ಮತ್ತೆ ಮೇಲಕ್ಕೆ ಓಡುತ್ತಿದ್ದೆವು.

ಸವಿತಾಳ ಎಡಗಾಲಿನ ಶೂ ಕಿರುಗುಟ್ಟುತ್ತಿತ್ತು. ಹೊಸ ಶೂ, ಮದುವೆಯ ವಾರ್ಷಿಕೋತ್ಸವಕ್ಕೆ ಗಂಡ ಮೋಹನ್ ಕೊಡಿಸಿದ್ದು. ಆದರೂ ಹೆಜ್ಜೆಗೊಮ್ಮೆ ಕಿರ್... ಕಿರ್... "ಹಳೇ ಮಂಚಾ ಓಡಿ ಬಂದಂಗ ಆಗ್ತದಲ್ಲವಾ" ಎಂದು ನಾನು ಕಾಡಿಸುತ್ತಿದ್ದೆ. ಅವಳು ನಗುತ್ತಿದ್ದಳು. ಬೆನ್ನ ಹಿಂದೆ ಆ ಸದ್ದು ಕೇಳಿದರೆ ಅವಳು ಬರುತ್ತಿದ್ದಾಳೆಂದು ನಾನು ತಿರುಗಿಯೂ ನೋಡುತ್ತಿರಲಿಲ್ಲ.

ಆ ವರ್ಷ ಎಲೆ ಉದುರುವ ಕಾಲದಿಂದ ಅವಳಿಗೆ ಒಂದಾದ ಮೇಲೊಂದು ಏಟು. ಮೊದಲು ಎಡಗೈ ಮಣಿಕಟ್ಟು ಊದಿಕೊಂಡಿತು. ಬೇರಿಗೆ ಎಡವಿದೆ ಎಂದಳು. ಆಮೇಲೆ ಕಣ್ಣಿನ ಕೆಳಗೆ ಕೆನ್ನೆ ಕಪ್ಪಾಯಿತು. ಕಾರಿನ ಡಿಕ್ಕಿಯ ಬಾಗಿಲು ಬಡಿಯಿತಂತೆ. ದೀಪಾವಳಿಯ ಹೊತ್ತಿಗೆ ಪಕ್ಕೆಲುಬು, ಬಾತ್‌ಟಬ್ಬಿನಲ್ಲಿ ಜಾರಿದ್ದು. ಅದು ಮಾಯುವುದರೊಳಗೆ ಮೊಣಕಾಲು, ಮೆಟ್ಟಿಲಲ್ಲಿ ಬಿದ್ದದ್ದು. ಚಳಿ ಎಂದು ಕತ್ತಿಗೆ ಒಂದು ಬಟ್ಟೆ ಸುತ್ತಿಕೊಳ್ಳಲು ಶುರು ಮಾಡಿದಳು, ಮನೆಯೊಳಗೂ ತೆಗೆಯುತ್ತಿರಲಿಲ್ಲ.

"ಹೆಂಗ ಬೀಳ್ತೀಯವಾ ನೀ? ಕಣ್ಣು ಎಲ್ಲಿಟ್ಟು ನಡೀತಿ?" ಎಂದು ಬೈದೆ.

"ಅಮ್ಮ ಹೇಳ್ತಿದ್ರು ಅಕ್ಕ, ಶನಿ ಕಾಟ ಇದೆಯಂತೆ. ಕಾಲಲ್ಲಿರೋದನ್ನ ಶನಿವಾರ ಎಲ್ಲಾದ್ರೂ ಬಿಟ್ಟು, ತಿರುಗಿ ನೋಡ್ದೆ ಬರ್ಬೇಕಂತೆ."

ನಮ್ಮ ಕಡೆಯೂ ಇದು ಗೊತ್ತಿದ್ದದ್ದೇ. ಹನುಮಪ್ಪನ ಗುಡಿ ಮುಂದೆ ಚಪ್ಪಲಿ ಬಿಟ್ಟು ಬಂದರೆ ಯಾರೋ ಹಾಕಿಕೊಂಡು ಹೋಗುತ್ತಾರೆ, ಪೀಡೆ ಅವರ ಹಿಂದೆ ಹೋಗುತ್ತದೆ. ನನಗೆ ನಂಬಿಕೆ ಇರಲಿಲ್ಲ. ಆದರೆ ಅವಳ ಮುಖ ನೋಡಿ, ಹೋದರೆ ಒಂದು ಜೊತೆ ಶೂ ತಾನೆ ಎಂದುಕೊಂಡೆ. ಬಾಥೆಲ್ ಕಡೆಯ ಒಂದು ದೇವಸ್ಥಾನದಲ್ಲಿ ಬಿಟ್ಟು, ಅವಳು ಬರಿಗಾಲಲ್ಲಿ ಓಡಿ ಬಂದು ಕಾರು ಹತ್ತಿದಳು.

ಇಲ್ಲೇ ನಮ್ಮ ಲೆಕ್ಕ ತಪ್ಪಿದ್ದು. ಅಮೆರಿಕದಲ್ಲಿ ದೇವಸ್ಥಾನದ ಶೂ ಯಾರೂ ಕದಿಯುವುದಿಲ್ಲ. ವಾರ ಕಳೆದರೂ ಅದು ಅಲ್ಲೇ ಇತ್ತು. "ಯಾರದೋ ಶೂ ಉಳಿದಿದೆ" ಎಂದು ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂತು. ಸವಿತಾ ನಾಚಿಕೊಂಡು ಹೋಗಿ ತಾನೇ ತಂದಳು. ಮುಂದಿನ ಶನಿವಾರ ಕಣಿವೆಯ ಬೆಂಚಿನ ಮೇಲೆ ಬಿಟ್ಟೆವು. ಈ ಊರಿನವರ ಒಳ್ಳೆಯತನ ಕೇಳಬೇಡಿ. ಬಿದ್ದ ಕೈಗವಸು ಕಂಡರೂ ಕಳೆದುಕೊಂಡವರಿಗೆ ಸಿಗಲಿ ಎಂದು ಎತ್ತಿ ಕಂಬಕ್ಕೆ ಸಿಕ್ಕಿಸುತ್ತಾರೆ. ಮತ್ತೆ ಹೋದಾಗ ಗೇಟಿನ ಪಕ್ಕದ ಕಂಬದ ಮೇಲೆ ಜೋಡಿ ಶೂ, ಲೇಸು ಚಂದವಾಗಿ ಹೂವಿನಂತೆ ಕಟ್ಟಿ, ನಮ್ಮನ್ನೇ ಕಾಯುತ್ತಿತ್ತು.

ನನಗೆ ರೇಗಿತು. ಒಂದು ಕೋಲು ತೆಗೆದುಕೊಂಡು ಶೂಗಳನ್ನು ಅದರ ತುದಿಗೆ ಸಿಕ್ಕಿಸಿ ಕೆಳಗಿನವರೆಗೂ ಒಯ್ದೆ. ನಂಬಿಕೆ ಇಲ್ಲದವಳು ಕೈಯಿಂದ ಯಾಕೆ ಮುಟ್ಟಲಿಲ್ಲ ಎಂದು ಕೇಳಬೇಡಿ. ಸುರಂಗ ದಾಟಿ, ಮರಳಲ್ಲಿ ಬಿದ್ದಿದ್ದ ದೊಡ್ಡ ಮರದ ದಿಮ್ಮಿಯ ಮೇಲಿಟ್ಟು, "ತಗೊಂಡವರು ಅನುಭವಸ್ಲಿ" ಎಂದು ಹೇಳಿ ಬಂದೆ.

ಮುಂದಿನ ಶನಿವಾರ ಮಧ್ಯಾಹ್ನ ಸವಿತಾ ನಮ್ಮ ಮನೆಯಲ್ಲಿ ಕುಳಿತಿದ್ದಳು. ಮೂರು ಗಂಟೆಗೆ ಮೋಹನ್ ಬಂದ. ನೋಡಲು ಸಭ್ಯ, ಮಾತು ಬೆಣ್ಣೆ. ಬಾಗಿಲಲ್ಲೇ ನಿಂತು ಹೇಳಿದ.

"ನಾನು ಕೊಡ್ಸಿದ್ ಶೂ ಎಲ್ಲೋ ಬಿಸಾಕಿದಾಳಂತೆ. ಎಲ್ಲಿ ಅಂತ ತೋರಿಸ್ಲಿ. ಎದ್ದೇಳು ಸವಿ, ಹೋಗೋಣ."

ಅವನ ದನಿ ಸ್ವಲ್ಪವೂ ಏರಲಿಲ್ಲ. ಆದರೆ ಸವಿತಾಳ ಕೈಯಲ್ಲಿದ್ದ ಚಹಾ ಬಟ್ಟಲಿನಿಂದ ತುಳುಕಿ ತೊಡೆಯ ಮೇಲೆ ಚೆಲ್ಲಿತು. ಬಿಸಿ ಚಹಾ. ಅವಳು ಹಾ ಎನ್ನಲೂ ಇಲ್ಲ.

"ಆಕಿ ಕಾಲು ನೋವಾಗ್ಯದ, ಕೂಡ್ಲಿ. ಇಟ್ಟಾಕಿ ನಾನು, ನಾನೇ ತೋರಸ್ತೀನಿ ನಡೀರಿ" ಎಂದೆ. ಅವಳನ್ನು ಅವನ ಜೊತೆ ಒಬ್ಬಳೇ ಆ ಕಣಿವೆಗೆ ಕಳಿಸಬಾರದು ಎಂದು ಯಾಕೆ ಅನ್ನಿಸಿತೋ... ಆಗ ನನಗೆ ಏನೂ ಗೊತ್ತಿರಲಿಲ್ಲ. ನನ್ನ ಗಂಡ ಗಿರೀಶ ಟಾರ್ಚು ಹುಡುಕಿ ಕೊಟ್ಟ. ತಲೆಗೆ ಕಟ್ಟಿಕೊಳ್ಳುವ ಟಾರ್ಚು ಅದು. "ಜಲ್ದಿ ಬಾ" ಎಂದಷ್ಟೇ ಹೇಳಿದ.

ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೆ ಕತ್ತಲು. ನಾವು ಇಳಿಯಲು ಶುರು ಮಾಡಿದಾಗಲೇ ಮರಗಳ ಕೆಳಗೆ ಬೆಳಕು ಸತ್ತಿತ್ತು. ಬೇರೆ ಯಾರೂ ಇರಲಿಲ್ಲ. ಕೊಳೆತ ಎಲೆಯ ವಾಸನೆ, ಪಕ್ಕದಲ್ಲಿ ತೊರೆಯ ಸದ್ದು. ತಗೊಂಡವರ ಹಿಂದೆ ಪೀಡೆ ಬರುತ್ತದೆ ಎನ್ನುತ್ತಾರೆ, ಬಿಟ್ಟುಬಿಡಿ ಎಂದು ಒಮ್ಮೆ ಹೇಳಿ ನೋಡಿದೆ.

ಮೋಹನ್ ನಕ್ಕ. "ನೀವು ಸೈನ್ಸ್ ಓದಿದೋರು ಮೇಡಂ. ಅವಳಿಗೆ ಬುದ್ಧಿ ಇಲ್ಲ, ನೀವೂ ಸೇರ್ಕೊಂಡ್ರಾ? ಅವಳ ಕಾಲು ನೆಟ್ಟಗಿಲ್ಲ. ಎಲ್ಲಾ ಕಡೆ ಬೀಳ್ತಾಳೆ, ಅಷ್ಟೇ."

ಸುರಂಗ ದಾಟಿ ಮರಳಿಗೆ ಬಂದೆವು. ಸಮುದ್ರದ ಇಳಿತದ ಹೊತ್ತು, ಹಸಿ ಪಾಚಿಯ ನಾತ. ದಿಮ್ಮಿಯ ಮೇಲೆ ಶೂಗಳು ನಾನಿಟ್ಟ ಹಾಗೆಯೇ ಇದ್ದವು. ವಾರವಿಡೀ ಮಳೆ ಬಿದ್ದಿತ್ತು, ದಿಮ್ಮಿ ನೆಂದು ಕಪ್ಪಾಗಿತ್ತು. ಮೋಹನ್ ಒಂದು ಶೂ ಎತ್ತಿ ಒಳಗೆ ಕೈ ಹಾಕಿದವನು ಹಾಗೇ ನಿಂತ.

"ಬೆಚ್ಚಗಿದೆ" ಎಂದ. "ಯಾರೋ ಈಗಷ್ಟೇ ಹಾಕ್ಕೊಂಡು ಬಿಚ್ಚಿರೋ ಹಾಗಿದೆ."

ನಾನು ಸುತ್ತ ಟಾರ್ಚು ಬಿಟ್ಟೆ. ಮರಳಿನಲ್ಲಿ ನಮ್ಮಿಬ್ಬರ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆ ಇರಲಿಲ್ಲ. ನಡೀರಿ, ಹೋಗೋಣ ಎಂದೆ. ಅವನು ಎರಡೂ ಲೇಸು ಸೇರಿಸಿ ಗಂಟು ಹಾಕಿ ಶೂಗಳನ್ನು ಹೆಗಲಿಗೆ ನೇತುಹಾಕಿಕೊಂಡ.

ಸುರಂಗದೊಳಗೆ ನಾನು ಮುಂದೆ, ಅವನು ಹಿಂದೆ. ಸೊಂಟ ಬಗ್ಗಿಸಿ ನೀರಿನ ಅಂಚಿನಲ್ಲಿ ಹೆಜ್ಜೆ ಇಡುತ್ತಿದ್ದೆವು. ದೂರದಲ್ಲಿ ರೈಲು ಕೂಗಿತು. ಆಮೇಲೆ ತಲೆಯ ಮೇಲೆಯೇ ಗುಡುಗು. ಗೂಡ್ಸ್ ಗಾಡಿ ಹಾಯುತ್ತಿತ್ತು, ಕಾಂಕ್ರೀಟು ನಡುಗಿ ಕತ್ತಿನ ಮೇಲೆ ಪುಡಿ ಉದುರಿತು, ಹಳಿಯ ಅಡ್ಡಮರಗಳಿಗೆ ಬಳಿದ ಡಾಂಬರಿನ ವಾಸನೆ ಮೂಗಿಗೆ ಹೊಡೆಯಿತು. ಆ ಅಬ್ಬರದ ನಡುವೆಯೂ ನನಗೆ ಕೇಳಿಸಿತು...

ಕಿರ್. ಕಿರ್. ಕಿರ್.

ಸವಿತಾ ಬಂದಳು ಎಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ. ಅಭ್ಯಾಸ ನೋಡಿ, ತಿರುಗಲೂ ಇಲ್ಲ.

ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಮೋಹನ್ ಕಿರುಚಿದ. ತಿರುಗಿದೆ. ಟಾರ್ಚಿನ ಬೆಳಕಿನಲ್ಲಿ ಅವನ ಎಡಗೈ ಬೆನ್ನ ಹಿಂದಕ್ಕೆ ತಿರುಚಿಕೊಂಡಿತ್ತು. ತಿರುಚುತ್ತಿದ್ದ ಕೈ ಯಾವುದೂ ಕಾಣಲಿಲ್ಲ. ಮಣಿಕಟ್ಟು ತಿರುಗಬಾರದ ಕಡೆಗೆ ತಿರುಗುತ್ತಲೇ ಇತ್ತು. ಹೆಗಲ ಮೇಲೆ ಶೂಗಳಿರಲಿಲ್ಲ.

ನೋಡುತ್ತಿದ್ದ ಹಾಗೆ ಅವನ ತಲೆ ಪಕ್ಕಕ್ಕೆ ಹಾರಿ ಗೋಡೆಗೆ ಬಡಿಯಿತು. ಎಡಗೆನ್ನೆ, ಕಣ್ಣಿನ ಕೆಳಗೆ. ಇನ್ನೊಮ್ಮೆ, ಅದೇ ಜಾಗಕ್ಕೆ. ಗೋಡೆಯ ಮೇಲೆ ರಕ್ತ ಜಿನುಗಿತು. ಅವನು ನೀರಿಗೆ ಬಿದ್ದ. ಬಿದ್ದವನ ಜಾಕೆಟ್ಟಿನ ಮೇಲೆ, ಪಕ್ಕೆಯ ಹತ್ತಿರ, ಒದ್ದೆ ಮರಳಿನ ಒಂದು ಹೆಜ್ಜೆ ಮೂಡಿತು. ಚಿಕ್ಕ ಹೆಜ್ಜೆ, ಹೆಂಗಸಿನದು. ಅದು ಮೂಡಿದಾಗಲೆಲ್ಲ ಅವನ ಮೈ ನೆಲದಿಂದ ಎಗರುತ್ತಿತ್ತು. ಒಳಗೆ ಏನೋ ಲಟಕ್ಕೆಂದಿತು. ಒದೆ ನಿಲ್ಲಲಿಲ್ಲ.

ಅವನನ್ನು ಎಳೆದುಕೊಳ್ಳಲು ನಾನು ನುಗ್ಗಿದೆ. ಸುಳ್ಳು ಹೇಳುವುದಿಲ್ಲ, ನುಗ್ಗಿದೆ. ಆಗ ನನ್ನ ಎದೆಯ ಮೇಲೆ ಒಂದು ಅಂಗೈ ಇಟ್ಟಂತಾಯಿತು. ಒಲೆಯ ಹತ್ತಿರ ಬಂದ ಮಗುವನ್ನು ತಾಯಿ ಸರಿಸುವ ಹಾಗೆ, ಅಷ್ಟು ಮೆತ್ತಗೆ, ಅದು ನನ್ನನ್ನು ಹಿಂದಕ್ಕೆ ಸರಿಸಿತು. ಗೋಡೆಗೆ ಒರಗಿ ಕುಳಿತುಬಿಟ್ಟೆ.

ಕೊನೆಗೆ ಮೊಣಕಾಲು. ಮೇಲಿನಿಂದ ಹಾರಿ ತುಳಿದ ಹಾಗೆ ಒಂದೇ ಏಟು. ಆ ಕೂಗನ್ನು ನಾನು ಈಗಲೂ ಕೆಲವೊಮ್ಮೆ ನಿದ್ದೆಯಲ್ಲಿ ಕೇಳುತ್ತೇನೆ. ಅದಕ್ಕಿಂತ ಹೆಚ್ಚಾಗಿ ಕಾಡುವುದು ಆಮೇಲೆ ಅವನು ಆಡಿದ ಮಾತು. ಅಲ್ಲಿ ನನಗೆ ಯಾರೂ ಕಾಣಲಿಲ್ಲ. ಅವನು ಮಾತ್ರ ತನ್ನ ಮೇಲಿನ ಕತ್ತಲನ್ನು ನೋಡುತ್ತಾ ಕೈ ಅಡ್ಡ ಹಿಡಿದು ಬೇಡಿಕೊಂಡ.

"ಸಾಕು ಸವಿ... ಸಾಕು ಕಣೇ. ಇನ್ಮೇಲೆ ಮಾಡಲ್ಲ."

ರೈಲು ಹಾದುಹೋಯಿತು. ತೊರೆಯ ಸದ್ದು ಮಾತ್ರ ಉಳಿಯಿತು.

ಅವನ ಮಾತಿನ ಅರ್ಥ ನನಗೆ ಅಲ್ಲೇ ಹೊಳೆಯಿತು ಎಂದರೆ ಸುಳ್ಳಾದೀತು. ಭಯ ಬುದ್ಧಿಯನ್ನು ಕಟ್ಟಿಹಾಕಿತ್ತು. ಅವನ ಕಂಕುಳಿಗೆ ಹೆಗಲು ಕೊಟ್ಟು ಎಬ್ಬಿಸಿ, ಕುಂಟಿಸುತ್ತಾ ಎಳೆಯುತ್ತಾ ಏರು ಹತ್ತಿಸಿದೆ. ದಾರಿಯುದ್ದಕ್ಕೂ ಸ್ವಲ್ಪ ಹಿಂದೆ ಕಿರ್... ಕಿರ್... ನಾವು ನಿಂತರೆ ಅದೂ ನಿಲ್ಲುತ್ತಿತ್ತು. ಒಮ್ಮೆ ಮೋಹನ್ ಕುಸಿದು ಕುಳಿತ, ಇನ್ನು ಆಗುವುದಿಲ್ಲ ಎಂದ. ಹಿಂದಿನ ಸದ್ದು ಎರಡು ಹೆಜ್ಜೆ ಹತ್ತಿರ ಬಂತು. ಅವನು ಎದ್ದ. ಗೇಟು ದಾಟಿ ಕಾರಿನ ಬಾಗಿಲು ಹಾಕಿಕೊಳ್ಳುವವರೆಗೂ ಅದು ನಮ್ಮನ್ನು ಬಿಡಲಿಲ್ಲ.

ಎಮರ್ಜೆನ್ಸಿಯಲ್ಲಿ ಒಬ್ಬ ಹೆಂಗಸು ಡಾಕ್ಟರ್ ನೋಡಿದರು. ಅವನ ಅಂಗಿ ಕತ್ತರಿಸಿ ತೆಗೆದು ಒಂದೊಂದೇ ಗಾಯದ ಮೇಲೆ ಬೆಳಕು ಹಿಡಿದು ನೋಡಿದರು. ಏನಾಯಿತು ಎಂದು ನನ್ನನ್ನು ಕೇಳಿದರು. ಸುರಂಗದಲ್ಲಿ ಬಿದ್ದರು ಎಂದೆ. ಬಿದ್ದರು ಎಂಬ ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ನಾಚಿಕೆಯಾಯಿತು.

ಡಾಕ್ಟರ್ ನನ್ನನ್ನು ಪರದೆಯ ಆಚೆ ನಿಲ್ಲಲು ಹೇಳಿದರು. ಪರದೆ ತಾನೆ, ಎಲ್ಲ ಕೇಳಿಸುತ್ತಿತ್ತು.

"ಇವೆಲ್ಲ ಇವತ್ತಿನ ಗಾಯಗಳಲ್ಲ" ಎಂದು ಅವರು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. "ಮಣಿಕಟ್ಟಿನ ಕಲೆ ಹಳದಿಗೆ ತಿರುಗಿದೆ, ಎಷ್ಟೋ ವಾರದ ಹಿಂದಿನದು. ಕೆನ್ನೆಯದು ಅದರ ನಂತರದ್ದು. ಪಕ್ಕೆಯದು ಇನ್ನೂ ಹಸಿರು. ಮೊಣಕಾಲು ಮಾತ್ರ ಹೊಸದು. ನೋಡಿ, ಈ ಥರದ ಮೈ ನಾನು ತುಂಬ ನೋಡಿದ್ದೇನೆ. ಮನೆಯಲ್ಲಿ ಯಾರಾದರೂ ನಿಮ್ಮನ್ನು ಹೊಡೆಯುತ್ತಾರಾ? ಅಲ್ಲಿ ನೀವು ಸುರಕ್ಷಿತವಾಗಿದ್ದೀರಾ?"

ಮೋಹನ್ ಬಿಕ್ಕುವುದು ಕೇಳಿಸಿತು.

ಆ ಒಂದು ಪ್ರಶ್ನೆಯನ್ನು ಇಷ್ಟು ತಿಂಗಳಲ್ಲಿ ಒಬ್ಬರೂ ಸವಿತಾಳಿಗೆ ಕೇಳಿರಲಿಲ್ಲ. ಅವಳಮ್ಮ ಶನಿ ಎಂದರು. ನಾನು ಕಣ್ಣು ಎಲ್ಲಿಟ್ಟು ನಡೀತಿ ಎಂದೆ. ಎಲ್ಲರೂ ಸೇರಿ ಪೀಡೆಯನ್ನು ಅವಳ ಕಾಲಿನಲ್ಲಿ ಹುಡುಕಿದೆವು, ಅದು ಅವಳ ಮನೆಯಲ್ಲಿ ಊಟಕ್ಕೆ ಕೂರುತ್ತಿತ್ತು.

ಅವನನ್ನು ಅಲ್ಲಿಯೇ ಉಳಿಸಿಕೊಂಡರು. ನಾನು ಮನೆಗೆ ಬಂದಾಗ ಸವಿತಾ ಸೋಫಾದ ಮೇಲೆ ಎದ್ದು ಕುಳಿತಿದ್ದಳು, ಕೂದಲು ಕೆದರಿತ್ತು. ಗಿರೀಶ ಬಾಗಿಲಿಗೇ ಬಂದ. ಸವಿತಾ ಹೊರಗೆಲ್ಲಾದರೂ ಹೋಗಿದ್ದಳಾ ಎಂದು ಮೆಲ್ಲಗೆ ಕೇಳಿದೆ.

"ಎಲ್ಲೂ ಹೋಗಿಲ್ಲ ಆಕಿ. ನೀವು ಹೊರಗ ಬಿದ್ದಿದ್ದ ತಡ, ಇಲ್ಲೇ ಮಲ್ಕೊಂಡಾಳ" ಎಂದ.

ನನ್ನ ಮಗಳು ಅನು ಕಂಬಳಿ ಮಡಿಸುತ್ತಾ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಅಮ್ಮಾ, ಶಿ ವಾಸ್ ರನ್ನಿಂಗ್ ಇನ್ ಹರ್ ಸ್ಲೀಪ್. ಹರ್ ಫೀಟ್ ವುಡ್‌ನ್ಟ್ ಸ್ಟಾಪ್."

ನಿದ್ದೆಯಲ್ಲೇ ಓಡುತ್ತಿದ್ದಳಂತೆ, ಕಾಲುಗಳು ನಿಲ್ಲುತ್ತಲೇ ಇರಲಿಲ್ಲವಂತೆ. ನಾನು ಸವಿತಾಳ ಪಕ್ಕ ಕುಳಿತೆ. ಕನಸು ಬಿತ್ತೇನವಾ ಎಂದು ಕೇಳಿದೆ. ಇಲ್ಲ ಅಕ್ಕ, ಏನೂ ಇಲ್ಲ ಎಂದಳು. ಆ ಕಣ್ಣುಗಳಲ್ಲಿ ಸುಳ್ಳಿರಲಿಲ್ಲ. ಮೋಹನನಿಗೆ ಏಟಾಗಿದೆ, ಆಸ್ಪತ್ರೆಯಲ್ಲಿದ್ದಾನೆ ಎಂದೆ. ಎಲ್ಲೆಲ್ಲಿ ಎಂದು ಇನ್ನೂ ಹೇಳಿರಲಿಲ್ಲ.

ಅವಳ ಬಲಗೈ ತಾನಾಗಿ ಎಡ ಮಣಿಕಟ್ಟಿಗೆ ಹೋಯಿತು. "ಇಲ್ಲಿ?" ಎಂದಳು.

ಹೂಂ ಎಂದೆ.

ಕೆನ್ನೆ ಮುಟ್ಟಿಕೊಂಡಳು. ಪಕ್ಕೆ ಮುಟ್ಟಿಕೊಂಡಳು. ಮೊಣಕಾಲಿನ ಮೇಲೆ ಕೈ ಇಟ್ಟಳು. ಪ್ರತಿಯೊಂದಕ್ಕೂ ನಾನು ತಲೆಯಾಡಿಸಿದೆ. ನನ್ನ ಕಣ್ಣಿನಲ್ಲಿ ನೀರು ಬರುತ್ತಿತ್ತು, ಅವಳು ಮಾತ್ರ ಅಳಲಿಲ್ಲ. ಕೊನೆಗೆ ಕತ್ತಿಗೆ ಸುತ್ತಿದ್ದ ಬಟ್ಟೆಯನ್ನು ಮೆಲ್ಲಗೆ ಕೆಳಗಿಳಿಸಿದಳು. ಗಂಟಲಿನ ಎರಡೂ ಬದಿ ಬೆರಳುಗಳ ನೀಲಿ ಗುರುತು. ಒಂದೊಂದು ಬೆರಳೂ ಬೇರೆ ಬೇರೆಯಾಗಿ ಕಾಣುತ್ತಿತ್ತು.

"ಇಲ್ಲಿ?" ಎಂದು ಕೇಳಿದಳು.

ನಾನು ನೆನಪು ಮಾಡಿಕೊಂಡೆ. ಅಂಗಿ ಕತ್ತರಿಸಿದಾಗ ನೋಡಿದ್ದೆ. ಅವನ ಕತ್ತಿನ ಮೇಲೆ ಒಂದು ಗೀರು ಕೂಡ ಇರಲಿಲ್ಲ.

"ಇಲ್ಲ" ಎಂದೆ.

ಸವಿತಾ ಬಟ್ಟೆಯನ್ನು ಮತ್ತೆ ಮೇಲೆಳೆದುಕೊಂಡು ಹೇಳಿದಳು. "ಹಾಗಾದ್ರೆ ಇನ್ನೂ ಮುಗ್ದಿಲ್ಲ ಅಕ್ಕ."

ಅವಳು ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಕೆಲವು ತಿಂಗಳು ನಮ್ಮಲ್ಲಿದ್ದು ಈಸ್ಟ್‌ಗೇಟ್ ಕಡೆ ಸ್ವಂತ ಮನೆ ಮಾಡಿದಳು. ಈಗ ಅಲ್ಲಿಯ ಗುಡ್ಡದಲ್ಲಿ ಇಬ್ಬರೂ ಓಡುತ್ತೇವೆ. ಅವಳ ಹೊಸ ಶೂ ಸದ್ದು ಮಾಡುವುದಿಲ್ಲ, ಹಿಂದೆ ಇದ್ದಾಳೋ ಇಲ್ಲವೋ ಎಂದು ನಾನೇ ತಿರುಗಿ ನೋಡಬೇಕು. ಹಳೆಯ ಶೂಗಳು ಸುರಂಗದಲ್ಲಿ ಸಿಗಲಿಲ್ಲ. ಮರುದಿನವೇ ಗಿರೀಶನನ್ನು ಕರೆದುಕೊಂಡು ಹೋಗಿ ಹುಡುಕಿದ್ದೆ. ಕಂಬದ ಮೇಲೂ ಇರಲಿಲ್ಲ, ಮರಳಿನಲ್ಲೂ ಇರಲಿಲ್ಲ. ಕಣಿವೆಯಲ್ಲಿ ನಾನೊಬ್ಬಳೇ ಎಷ್ಟೋ ಸಲ ಓಡಿದ್ದೇನೆ, ಆ ಕಿರುಗುಟ್ಟುವ ಸದ್ದು ಮತ್ತೆ ಕೇಳಿಸಿಲ್ಲ. ಅದು ಅಲ್ಲಿಲ್ಲ. ತಗೊಂಡವನ ಹಿಂದೆ ಹೋಗಿದೆ.

ಮೋಹನ್ ಬೇರೆ ರಾಜ್ಯಕ್ಕೆ ಹೋದ. ಯುಗಾದಿಗೆ, ದೀಪಾವಳಿಗೆ ನನಗೆ ಮೆಸೇಜು ಕಳಿಸುತ್ತಾನೆ. ತಾನು ಬದಲಾಗಿದ್ದೇನೆ, ಎಲ್ಲ ಮಾಯ್ದಿದೆ, ಈಗ ತಾನೂ ಓಡಲು ಶುರು ಮಾಡಿದ್ದೇನೆ ಎಂದು ಬರೆಯುತ್ತಾನೆ. ಸಂಜೆ ಹೊತ್ತು, ಕೆರೆಯ ಪಕ್ಕದ ದಾರಿಯಲ್ಲಿ, ಒಬ್ಬನೇ. ಕತ್ತಿನ ಲೆಕ್ಕ ಉಳಿದಿದೆ ಎಂಬುದು ಅವನಿಗೆ ಗೊತ್ತಿಲ್ಲ. ಗೊತ್ತಿರುವುದು ನನಗೆ, ಸವಿತಾಳಿಗೆ ಮಾತ್ರ.

ಬೇಗ ಕತ್ತಲಾಗುವ ಶನಿವಾರಗಳಲ್ಲಿ ನಾನು ಫೋನು ಕೈಗೆತ್ತಿಕೊಂಡು ಅವನ ಹೆಸರು ತೆಗೆಯುತ್ತೇನೆ. ಒಂದು ಮಾತು ಹೇಳಿದರೆ ಸಾಕು, ಅವನು ಹುಷಾರಾಗಬಹುದು. ಆಮೇಲೆ ಸವಿತಾಳ ಗಂಟಲಿನ ಮೇಲಿದ್ದ ಆ ಬೆರಳುಗಳು ನೆನಪಾಗುತ್ತವೆ... ಫೋನು ಕೆಳಗಿಡುತ್ತೇನೆ. ಇವತ್ತಿನವರೆಗೂ ನಾನು ಅವನಿಗೆ ಹೇಳಿಲ್ಲ.